ಮೇಸ್ತ್ರಿಯ ಬಾಟಲಿ

ಬಸ್ಸು ಡಿಪೋದ ವರ್ಕ್‌ಶಾಪಿನೊಳಗೆ ಬಂದು ನಿಂತಾಗ ಮೇಸ್ತ್ರಿಯ ಬಾಯಿ ತುಂಬ ನೀರಿತ್ತು. ಎರಡೂ ಕೆನ್ನೆ ಉಬ್ಬಿದ್ದವು, ಪಕ್ಕದ ಬೆಂಚಿನ ಮೇಲೆ ನೀರಿನ ಬಾಟಲಿ.

"ಹಲ್ಲುನೋವಾ ಮೇಸ್ತ್ರೀ?" ಎನ್ನುತ್ತಲೇ ಡ್ರೈವರ್ ಇಳಿದ. "ಮುಂದಿನ ಎಡಚಕ್ರದಿಂದ ಗುಂಯ್ ಅಂತ ಸದ್ದು. ನಾಲ್ಕರ ಟ್ರಿಪ್ಪಿಗೆ ಗಾಡಿ ಬೇಕು."

ಮೇಸ್ತ್ರಿ ಮಾತಾಡದೆ ಮೆಕ್ಯಾನಿಕ್ ಸಣ್ಣಕ್ಕನ ಕಡೆ ಬೆರಳು ತೋರಿಸಿದರು. ಅವಳಿಗಿಂತ ದೊಡ್ಡವರೂ ಅಲ್ಲಿ ಅವಳನ್ನು ಸಣ್ಣಕ್ಕ ಎಂದೇ ಕರೆಯುತ್ತಿದ್ದರು.

ಸೋಮವಾರ ಮೇಸ್ತ್ರಿಗೆ ಮಂಡಿ ಆಪರೇಷನ್. ಎರಡು ತಿಂಗಳು ರಜೆ. ಅಷ್ಟು ದಿನ ವರ್ಕ್‌ಶಾಪನ್ನು ಸಣ್ಣಕ್ಕನೇ ನೋಡಿಕೊಳ್ಳಲಿ ಎಂಬುದು ಅವರ ಆಸೆ. "ಹನ್ನೊಂದು ವರ್ಷದಲ್ಲಿ ನಿಮ್ಮನ್ನ ಕೇಳದೆ ಒಂದು ಗಾಡಿನಾದ್ರೂ ರಿಪೇರಿ ಮಾಡಿ ಹೊರಗೆ ಬಿಟ್ಟಿದ್ದಾಳಾ?" ಎಂದಿದ್ದರು ಮ್ಯಾನೇಜರ್. "ಶನಿವಾರದೊಳಗೆ ಒಂದು ಬಿಡಲಿ. ಇಲ್ಲಾಂದ್ರೆ ಬೇರೆ ಡಿಪೋದಿಂದ ಯಾರನ್ನಾದ್ರೂ ಕರೆಸ್ತೀನಿ." ಇವತ್ತೇ ಶನಿವಾರ.

ಮೇಲಿನವರಿಗೆಲ್ಲ ನಾಯಕತ್ವ ಕಲಿಸಲು ಬಂದಿದ್ದ ಕೋಚ್ ಮೇಡಂ ಹಿಂದಿನ ದಿನ ಒಂದು ಗಂಟೆ ಇಲ್ಲೇ ಟಯರಿನ ಮೇಲೆ ಕೂತು ಎಲ್ಲ ನೋಡಿದ್ದರು. "ಕೆಲಸದವರು ಕೇಳಿ ಮುಗಿಸೋ ಮುಂಚೇನೇ ನೀವು ಉತ್ತರ ಕೊಡ್ತೀರಿ. ಅವರು ಯಾಕೆ ಯೋಚನೆ ಮಾಡ್ಬೇಕು?"

"ಗೊತ್ತಿದ್ದೂ ಬಾಯ್ಮುಚ್ಕೊಂಡಿರೋಕೆ ನನಗೆ ಸಂಬಳನಾ ಮೇಡಂ?"

"ಅದಕ್ಕೂ ಸ್ವಲ್ಪ. ಆಗಲಿಲ್ಲಾಂದ್ರೆ ಬಾಯಲ್ಲಿ ನೀರಿಟ್ಕೊಳ್ಳಿ. ತಲೇನೂ ಆಡಿಸ್ಬೇಡಿ."

ಡ್ರೈವರ್ ಮಾತು ಮುಗಿಸುವ ಮೊದಲೇ ಮೇಸ್ತ್ರಿಗೆ ಗೊತ್ತಾಗಿತ್ತು: ಬೇರಿಂಗ್ ಹೋಗಿದೆ. ಸಣ್ಣಕ್ಕ ಬಂದು ಅವರ ಮುಖ ನೋಡಿದಳು. "ಬೇರಿಂಗ್ ಅಲ್ವಾ ಮೇಸ್ತ್ರೀ?" ಉಬ್ಬಿದ ಕೆನ್ನೆ ಮಿಸುಕಲಿಲ್ಲ. ಅವಳು ಇನ್ನೂ ಸ್ವಲ್ಪ ಹೊತ್ತು ಕಾದು, ಕೊನೆಗೆ ಡ್ರೈವರ್ ಕಡೆ ತಿರುಗಿದಳು.

"ತಿರುವಲ್ಲಿ ಸದ್ದು ಜಾಸ್ತಿ ಆಗುತ್ತಾ?"

"ಇಲ್ಲ, ನೇರ ಹೋದ್ರೂ ಅಷ್ಟೇ, ತಿರುಗಿಸಿದ್ರೂ ಅಷ್ಟೇ."

ಅವಳು ಕುಕ್ಕರುಗಾಲಲ್ಲಿ ಕೂತು ಟಯರಿನ ಮೇಲೆ ಅಂಗೈ ಆಡಿಸಿದಳು. ಇನ್ನೊಂದು ಸಲ ಆಡಿಸಿದಳು. "ಬೇರಿಂಗ್ ಅಲ್ಲ. ಆಗಿದ್ರೆ ತಿರುವಲ್ಲಿ ಸದ್ದು ಬದಲಾಗ್ತಿತ್ತು. ಟಯರ್ ಉಬ್ಬುತಗ್ಗಾಗಿ ಸವೆದಿದೆ. ಅದನ್ನ ಬದಲಾಯಿಸಿದ್ರೆ ಸಾಕು."

ತಪ್ಪು ಎಂದು ಕೂಗಬೇಕೆನಿಸಿ ಮೇಸ್ತ್ರಿಗೆ ನೀರು ಮೂಗಿಗೇರಿತು. ಕಣ್ಣಲ್ಲಿ ನೀರು ಬಂದರೂ ಬಾಯಿ ಬಿಡಲಿಲ್ಲ.

ಟಯರ್ ಬದಲಾಯಿತು. ಸಣ್ಣಕ್ಕ ಡ್ರೈವರ್ ಜೊತೆ ಒಂದು ಸುತ್ತು ಹೋಗಿ ಬಂದಳು. ಡ್ರೈವರ್ ಕಿವಿ ಮುಟ್ಟಿ ತೋರಿಸಿ ನಕ್ಕ, ಸದ್ದು ನಿಂತಿತ್ತು. ಗಾಡಿ ಬಿಡುವ ಪುಸ್ತಕವನ್ನು ಅವಳು ಅಭ್ಯಾಸದಂತೆ ಮೇಸ್ತ್ರಿಯ ಮುಂದೆ ಹಿಡಿದಳು. ಅವರು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡರು. ಸಣ್ಣಕ್ಕ ತಾನೇ ಸಹಿ ಹಾಕಿದಳು. ಸಹಿ ಎರಡು ಗೆರೆ ದಾಟಿ ಹೋಯಿತು.

ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಬಸ್ಸು ಗೇಟು ದಾಟಿತು. ಮೇಸ್ತ್ರಿ ನೀರು ನುಂಗಿದರು.

"ನಾನು ಬೇರಿಂಗ್ ಅಂದ್ಕೊಂಡಿದ್ದೆ ಕಣೇ. ಚಕ್ರದ ಹಬ್ ಬಿಚ್ಚಿಸಿ ಗಾಡೀನ ಸಂಜೆವರೆಗೂ ಇಲ್ಲೇ ನಿಲ್ಲಿಸ್ತಿದ್ದೆ."

ಸಣ್ಣಕ್ಕ ಚಿಂದಿ ಬಟ್ಟೆಗೆ ಕೈ ಒರೆಸಿಕೊಂಡು ಬೆಂಚಿನ ಮೇಲಿದ್ದ ನೀರಿನ ಬಾಟಲಿ ಎತ್ತಿ ನೋಡಿದಳು. "ಇದು ನಿಮಗೆ ಹನ್ನೊಂದು ವರ್ಷದ ಹಿಂದೆ ಸಿಗಬಾರದಿತ್ತಾ ಮೇಸ್ತ್ರೀ?"

ಮೇಸ್ತ್ರಿಯ ನಾಲಿಗೆ ತುದಿಯಲ್ಲಿ ಮೂರು ಉತ್ತರ ಸಿದ್ಧವಾಗಿದ್ದವು. ಅವರು ಅವಳ ಕೈಯಿಂದ ಬಾಟಲಿ ಇಸಿದುಕೊಂಡು, ಮತ್ತೆ ಬಾಯಿ ತುಂಬ ನೀರು ತುಂಬಿಕೊಂಡರು.