ಎಡಕ್ಕೆ ಬಿದ್ದ ಹೂವು

"ಎಡಕ್ಕ! ಎಡಕ್ಕ ಬಿತ್ತು!"

ಕುಶಿನಗರದ ಗುಡಿಯಲ್ಲಿ, ಪರಿನಿರ್ವಾಣದ ಬುದ್ಧ ಉದ್ದಕ್ಕೆ ಮಲಗಿರುವ ಕಡೆ, ಕೆಮ್ಮುವುದಕ್ಕೂ ಜನ ಹಿಂದೆಮುಂದೆ ನೋಡುವಂಥ ಮೌನದ ನಡುವೆ ಹೀಗೆ ಕೂಗಿದವನು ಬೇರೆ ಯಾರೂ ಅಲ್ಲ, ಹಗರಿಬೊಮ್ಮನಹಳ್ಳಿಯ ವಿಜ್ಞಾನದ ಮೇಷ್ಟ್ರು ಭೀಮರಾಜ. ಕೂಗಿದ ಮೇಲೆಯೇ ಅವನಿಗೆ ತಾನು ಕೂಗಿದ್ದು ಗೊತ್ತಾದದ್ದು. ಕಣ್ಣು ಮುಚ್ಚಿ ಕೂತಿದ್ದ ಪರದೇಶದ ಯಾತ್ರಿಕರು ಕಣ್ಣು ಬಿಟ್ಟರು. ಅವನ ಜೊತೆಯೇ ಬಂದಿದ್ದ ಕೊಟ್ಟೂರು, ಹಡಗಲಿ, ಕೂಡ್ಲಿಗಿ ಕಡೆಯ ಬಸ್ಸಿನವರಂತೂ ಬಾಯಿಯನ್ನೇ ಬಿಟ್ಟರು.

ಬಿಡದೆ ಏನು ಮಾಡಿಯಾರು! ಊರು ಬಿಟ್ಟಾಗಿನಿಂದ ಡ್ರೈವರನ ಹಿಂದೆ ನಿಂತುಕೊಂಡು ಅವರ ಕಿವಿ ತೂತು ಬೀಳುವ ಹಾಗೆ ಉಪನ್ಯಾಸ ಕೊಟ್ಟಿದ್ದು ಇದೇ ಮಹಾಶಯ. ಬುದ್ಧ ದೇವರಲ್ಲ, ಅವನ ಮುಂದೆ ಬೇಡಬಾರದು, ಹರಕೆ ಹೊರಬಾರದು. ಹೂವು ಕೇಳುವುದಂತೂ ಮೂಢತನದ ತಾಯಿಬೇರು. ಊರ ಕಡೆ ಮದುವೆಗಾಗಲಿ, ಬೋರು ಕೊರೆಸುವುದಕ್ಕಾಗಲಿ ಜನ ದೇವರ ಮೈಮೇಲೆ ಹೂವಿಟ್ಟು ಕಾಯುತ್ತಾರೆ. ದೇವರ ಬಲಕ್ಕೆ ಬಿದ್ದರೆ ಮಾಡು ಅಂತ, ಎಡಕ್ಕೆ ಬಿದ್ದರೆ ಬೇಡ ಅಂತ. "ಹೂವಿಗೇನ್ ಗೊತ್ರಿ ನಿಮ್ಮ ಬೋರಿನ ನೀರು? ಅದು ಬೀಳೋದು ಭೂಮಿ ಎಳಿಯೋದಕ್ಕ" ಎಂದು ಇಡೀ ಬಸ್ಸಿಗೆ ಪಾಠ ಮಾಡಿದ್ದ. ಕೊಟ್ಟೂರಿನ ಗಾದಿಲಿಂಗಪ್ಪ ಮನೆಯಿಂದ ಜೋಪಾನವಾಗಿ ತಂದಿದ್ದ ತೆಂಗಿನಕಾಯಿಯನ್ನು ಕಸಿದು ಸೀಟಿನ ಕೆಳಗೆ ಇಡಿಸಿದ್ದ.

ಆದರೆ ಇಷ್ಟು ಸೆಕೆಯಲ್ಲೂ ಮೇಷ್ಟ್ರು ಬಿಚ್ಚದ ಮಫ್ಲರಿನ ಒಳಗೆ, ಗಂಟಲಲ್ಲಿ ಒಂದು ಗಂಟಿತ್ತು. "ತೆಗೆಸಿಬಿಡಿ, ಬಿಟ್ಟರೆ ಕೆಟ್ಟದ್ದಕ್ಕೆ ತಿರುಗಬಹುದು. ಆಪರೇಷನ್ನಿನಲ್ಲಿ ದನಿ ಸ್ವಲ್ಪ ಒಡೆದರೂ ಒಡೆಯಬಹುದು" ಎಂದಿದ್ದರು ದಾವಣಗೆರೆಯ ಡಾಕ್ಟರು. ಕೆಟ್ಟದ್ದಕ್ಕೆ ಹೆದರದ ಗಂಡಸು ದನಿಯ ಮಾತಿಗೆ ನಡುಗಿಹೋದ. ದನಿ ಹೋದರೆ ಭೀಮರಾಜನಲ್ಲಿ ಉಳಿಯುವುದಾದರೂ ಏನು? ಒಂದು ಕನ್ನಡಕ, ಒಂದು ಸಫಾರಿ ಡ್ರೆಸ್ಸು! ಯಾತ್ರೆ ಮುಗಿಸಿ ಬರುತ್ತೇನೆ ಅಂತ ಡಾಕ್ಟರಿಗೆ ಹೇಳಿ, ತಾಯಿ ಮಾಳಮ್ಮನಿಗೆ ಏನೂ ಹೇಳದೆ, ಅವಳನ್ನೇ ಮುಂದಿಟ್ಟುಕೊಂಡು ಬಸ್ಸು ಹತ್ತಿದ್ದ.

ಗುಡಿಯೊಳಗೆ ಬಂದು ನೋಡಿದರೆ, ಯಾರೋ ಬುದ್ಧನಿಗೆ ಹೊದಿಸಿದ್ದ ಹಳದಿ ವಸ್ತ್ರದ ನೆರಿಗೆಯಲ್ಲಿ, ಹೆಗಲ ಮೇಲೆ, ಒಂದು ಚೆಂಡುಹೂವು ಸಿಕ್ಕಿಕೊಂಡಿತ್ತು. ಜಾರಲೋ ಬೇಡವೋ ಅನ್ನುತ್ತಿತ್ತು. ಭೀಮರಾಜ ಅದನ್ನು ನೋಡಬಾರದು ಅಂದುಕೊಂಡ, ನೋಡಿದ. ಕೇಳಬಾರದು ಅಂದುಕೊಂಡ. ಆಪರೇಷನ್ ಮಾಡಿಸ್ಲೋ ಬ್ಯಾಡೋ, ಅಂತ ಮನಸ್ಸಿನಲ್ಲೇ ಕೇಳಿಯೂ ಬಿಟ್ಟ. ಯಾವುದೋ ಗಾಳಿಗೆ ಹೂವು ಮೆಲ್ಲಗೆ ಜಾರಿ, ಎದುರಿಗೆ ನಿಂತಿದ್ದ ಭೀಮರಾಜನ ಎಡಗೈ ಕಡೆಗೆ ಬಂದು ಬಿತ್ತು. ಎಡಕ್ಕೆ! ಬೇಡ ಅಂತ! ಅವನ ಸಂತೋಷ ಗಂಟಲಿನ ಗಂಟನ್ನೂ ದಾಟಿಕೊಂಡು ಹೊರಗೆ ಬಂದಿತ್ತು.

ಗಾದಿಲಿಂಗಪ್ಪ ಅವನ ಕಿವಿಯ ಹತ್ತಿರ ಬಗ್ಗಿದ. "ಹಂಗಾರ, ನನ್ನ ಕಾಯಿ ತರ್ಲೇನ್ರಿ ಮೇಷ್ಟ್ರ?"

ಭೀಮರಾಜ ಅವನನ್ನು ದುರುಗುಟ್ಟಿ ನೋಡುವಷ್ಟರಲ್ಲಿ ಈ ಕಡೆಯಿಂದ ಮಾಳಮ್ಮ ಕೇಳಿದಳು, "ಯಾರ ಎಡಕ್ಕೋ?"

"ಅಂದ್ರ?"

"ನಿನ್ನ ಎಡ ತಗಂಡು ಏನ್ ಮಾಡೋದು? ದೇವ್ರ ಎಡ ನೋಡ್ಬೇಕಲ್ಲ. ಅಂವ ಯಾವ ಮಗ್ಗಲಾಗಿ ಮಲಗ್ಯಾನ ನೋಡು."

ಭೀಮರಾಜ ನೋಡಿದ. ಬುದ್ಧನ ಕೆನ್ನೆಯ ಕೆಳಗೆ ಇದ್ದದ್ದು ಬಲಗೈ. ಅಂದರೆ ಮಲಗಿರುವುದು ಬಲಮಗ್ಗುಲಿಗೆ. ಅಂದರೆ ಬಲವೆಲ್ಲ ಕೆಳಗೆ, ಎಡವೆಲ್ಲ ಮೇಲೆ. ಕೆಳಗೆ ಬಿದ್ದ ಹೂವು ಬಲಕ್ಕೇ ಬಿದ್ದ ಹಾಗಾಯಿತು, ಮಾಡಿಸು ಅಂತಲೇ ಅಪ್ಪಣೆಯಾಯಿತು. ಅವನಿಗೆ ಮಫ್ಲರಿನೊಳಗೆ ದಳದಳ ಬೆವರು ಇಳಿಯಿತು. ಅಷ್ಟು ಹೊತ್ತು ಎಲ್ಲಿಗೋ ಓಡಿಹೋಗಿದ್ದ ವಿಜ್ಞಾನ ಆಗ ಒಂದೇ ಉಸಿರಿಗೆ ವಾಪಸ್ಸು ಬಂತು.

"ಅವ್ವಾ, ಇದು ಲೆಕ್ಕಕ್ಕಿಲ್ಲ ಬಿಡು! ಬಲಮಗ್ಗಲಾಗಿ ಮಲಗಿದವ್ರ ಮೈಮ್ಯಾಲಿಂದ ಹೂವು ಎಡಕ್ಕ ಬೀಳಾಕ ಆಗಂಗೇ ಇಲ್ಲ. ಎಡಕ್ಕ ಬೀಳ್ಬೇಕಂದ್ರ ಅದು ಮ್ಯಾಲಕ್ಕ ಹಾರ್ಬೇಕು. ಒಂದು ಗಾಡಿ ಹೂವು ತಂದು ಸುರುವಿದ್ರೂ ಎಲ್ಲಾ ಬಲಕ್ಕೇ ಬೀಳ್ತಾವು. ಇದೆಂಥಾ ಅಪ್ಪಣಿ? ಭೂಮಿ ಎಳಿಯೋದು ಅಷ್ಟ!"

ಗಾದಿಲಿಂಗಪ್ಪ ಹೌದಲ್ಲ ಎಂಬಂತೆ ತಲೆದೂಗಿದ. ಮೇಷ್ಟ್ರಿಗೆ ಹೋದ ಜೀವ ಬಂದಂತಾಗಿ, ಕ್ಲಾಸಿನಲ್ಲಿ ನಿಲ್ಲುವಂತೆ ಎದೆ ಸೆಟೆಸಿ ನಿಂತ.

ಮಾಳಮ್ಮ ಕೈ ಎತ್ತಿ, ಮಗನ ಕೊರಳಿನ ಮಫ್ಲರನ್ನು ಒಂದೊಂದೇ ಸುತ್ತು ಬಿಚ್ಚಿದಳು. ತಪ್ಪಿಸಿಕೊಳ್ಳಲು ಅಲ್ಲಿ ಜಾಗವಿರಲಿಲ್ಲ, ಬಸ್ಸಿನವರೆಲ್ಲ ಸುತ್ತ ನಿಂತಿದ್ದರು. ಅವಳ ಹೆಬ್ಬೆರಳು ನೇರವಾಗಿ ಆ ಗಂಟಿನ ಮೇಲೆ ಬಂದು ನಿಂತಿತು.

"ಬಸ್ಸಿನ್ಯಾಗ ನೀನು ನಿದ್ದಿ ಹೊಡಿವಾಗ ನೋಡೇನಿ" ಎಂದಳು. "ಇದನ್ನ ತಗಸ್ಲೋ ಬ್ಯಾಡೋ ಅಂತೇನು ನೀನು ಕೇಳಿದ್ದು?"

ಭೀಮರಾಜ ಹೂಂ ಅಂತ ತಲೆ ಆಡಿಸಿದ. ಆಪರೇಷನ್ನಿಗೆ ಮುಂಚೆಯೇ ಅವನ ದನಿ ಹೋಗಿತ್ತು.

ಮಾಳಮ್ಮ ಮಲಗಿದ ಬುದ್ಧನನ್ನು ಒಮ್ಮೆ, ನಿಂತ ಮಗನನ್ನು ಒಮ್ಮೆ ನೋಡಿದಳು.

"ಹಂಗಾರ, ಯಪ್ಪಾ, ಬ್ಯಾಡ ಅನ್ನಾಕ ಬರಲಾರದಂವನ್ನ ಕೇಳಾಕ ಇಷ್ಟು ದೂರ ಯಾಕ ಬಂದಿ?"