ಕೆಂಪು ಹೊಳೆ

ಕೆಟ್ಟ ನೀರು ಬಿದ್ದರೆ ಕೆಂಪಗೆ, ಒಳ್ಳೆಯ ನೀರು ಬಿದ್ದರೆ ಹಸಿರಾಗಿ ಹೊಳೆಯುವ ಲೋಟಗಳನ್ನು ಸರ್ಕಾರ ಮನೆಮನೆಗೂ ಹಂಚಿ ವರ್ಷಗಳಾಗಿದ್ದವು. ಒಳ್ಳೆಯ ನೀರು ಮಾತ್ರ ಬಂದಿರಲಿಲ್ಲ. ಊರವರು ಕೆಂಪು ಲೋಟದಲ್ಲೇ ಕುಡಿಯುತ್ತಿದ್ದರು. ಹುಲಿಗೆವ್ವನ ಮಗಳು ಸಾವಂತ್ರಿ ಶಾಲೆಯಲ್ಲಿ ಹೊಳೆಯ ಚಿತ್ರ ಬರೆದು ನೀರಿಗೆ ಕೆಂಪು ಬಳಿದಿದ್ದಳು. ಮಾಸ್ತರೂ ಅದನ್ನು ತಿದ್ದಲಿಲ್ಲ. ಮರುವರ್ಷ ವಾಂತಿಭೇದಿಯಲ್ಲಿ ಹುಡುಗಿ ಹೋದಳು.

ಇವತ್ತು ಊರಿಗೆ ಶುದ್ಧ ನೀರಿನ ನಳ ಬಂತು. ಹುಲಿಗೆವ್ವ ಒಂದು ಲೋಟ ನೀರು ಹಿಡಿದುಕೊಂಡು, ತುಳುಕದ ಹಾಗೆ ಮನೆಗೆ ನಡೆದಳು. ಗೋಡೆಗೆ ಅಂಟಿಸಿದ್ದ ಆ ಚಿತ್ರದ ಕೆಳಗೆ ಇಟ್ಟು ಎದುರಿಗೆ ಕೂತಳು. ಲೋಟದ ಹಸಿರು ಬೆಳಕು ಕೆಂಪು ಹೊಳೆಯ ಮೇಲೆ ಬಿತ್ತು.

ಪಕ್ಕದ ಮನೆಯ ಫಕೀರವ್ವ ಬಾಗಿಲಲ್ಲಿ ನಿಂತು ಕೇಳಿದಳು, “ಯಕ್ಕಾ, ಕುಡದೇನ? ಹೆಂಗೈತಿ ರುಚಿ?”

“ತಡಿಯವ್ವಾ,” ಎಂದಳು ಹುಲಿಗೆವ್ವ. “ನಮ್ಮ ಸಾವಂತ್ರಿ ಇನ್ನಾ ಕುಡಿಯಾಕತ್ತಾಳ.”