ಹೆತ್ತವಳು ಹೇಳಿದ ಗುರುತು

"ಸಾಕಿದ್ದು, ಸಲಹಿದ್ದು, ಜೋಪಾನ ಮಾಡಿದ್ದು ಎಲ್ಲ ಸರಿ ಕಣಮ್ಮ. ಆದರೆ ಹೆತ್ತವರೇ ಗುರುತು ಹೇಳಿ ಸಹಿ ಹಾಕಬೇಕು," ಎಂದು ಶವಾಗಾರದ ಗುಮಾಸ್ತ ಅಕ್ಕನ ಮುಂದಿದ್ದ ಕಾಗದವನ್ನು ತಂಗಿಯ ಮುಂದಕ್ಕೆ ಸರಿಸಿದ. ಹೆತ್ತ ಹದಿನೈದನೇ ದಿನಕ್ಕೇ ಮಗುವನ್ನು ಅಕ್ಕನ ಮಡಿಲಿಗೆ ಹಾಕಿ ಹೋದವಳು ಈ ತಂಗಿ. ಇಪ್ಪತ್ತೆರಡು ವರ್ಷ ಅಕ್ಕ ಆ ಹುಡುಗಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಬೆಳೆಸಿದ್ದಳು. ನಿನ್ನೆ ಆ ಹುಡುಗಿ ಕೆಲಸ ಮಾಡುತ್ತಿದ್ದ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದು, ಮುಖ ಗುರುತು ಸಿಗದ ಹಾಗೆ ಅವಳು ಸುಟ್ಟುಹೋಗಿದ್ದಳು.

"ಮೈಮೇಲೆ ಮಚ್ಚೆ, ಗಾಯ, ಏನಾದರೂ?"

ತಂಗಿ ಅಕ್ಕನ ಮುಖ ನೋಡಿದಳು. ಅಕ್ಕ ಬೇಕೆಂದೇ ಮುಖ ತಿರುಗಿಸಿಕೊಂಡಳು. ಹೇಳಲಿ ನೋಡೋಣ ಎಂದುಕೊಂಡಳು. ಮಗುವಿಗೆ ಒಂದು ದಿನ ತಲೆ ಬಾಚಿದವಳಲ್ಲ, ಒಂದು ಜ್ವರಕ್ಕೆ ನಿದ್ದೆಗೆಟ್ಟವಳಲ್ಲ.

"ಗುರುತು ಹೇಳೋರಿಲ್ಲ ಅಂದ್ರೆ ಅನಾಥ ಶವ ಅಂತ ಬರ್ಕೋಬೇಕಾಗುತ್ತೆ," ಎಂದ ಗುಮಾಸ್ತ.

ಆ ಮಾತು ಕೇಳಿದ್ದೇ ಅಕ್ಕ ಮುಂದೆ ಬಂದಳು. ಸಮಾಧಾನ ಮಾಡುವವಳಂತೆ ತಂಗಿಯನ್ನು ತಬ್ಬಿ, ಕಿವಿಯಲ್ಲಿ ಪಿಸುಗುಟ್ಟಿದಳು.

"ಎಡಗಾಲಿನ ಕಿರುಬೆರಳು ಪಕ್ಕದ ಬೆರಳಿಗೆ ಅಂಟಿಕೊಂಡಿದೆ," ಎಂದು ತಂಗಿ ಒಪ್ಪಿಸಿದಳು. "ಹುಟ್ಟಿದಾಗಿನಿಂದ."

ಗುಮಾಸ್ತ ಒಳಗೆ ಹೋಗಿ ನೋಡಿ ಬಂದು, ಪೆನ್ನನ್ನು ತಂಗಿಯ ಕೈಗಿಟ್ಟ. "ನೋಡಿ, ಹೆತ್ತ ಕರುಳು ಮರೆಯೋದಿಲ್ಲ," ಎಂದು ಅಕ್ಕನ ಕಡೆ ತಿರುಗಿದ.

"ಹೌದು," ಎಂದಳು ಅಕ್ಕ.